ಮಾತು ಬಾರದ ಕೂಸನ್ನು ಕೇಳುವ ಬಗೆ

ಓದುಗರ ಪ್ರಶ್ನೆಗಳಿಗೆ ಉತ್ತರ

ಹುಟ್ಟಿದ ದಿನದಿಂದ ಸುಮಾರು ಆರು ತಿಂಗಳವರೆಗೆ ಶಿಶುಗಳು ಹೇಗೆ ಬೆಳೆಯುತ್ತವೆ, ಆ ಬೆಳವಣಿಗೆಯನ್ನು ಸಂಶೋಧಕರು ಹೇಗೆ ಅರಿಯುತ್ತಾರೆ ಎಂಬುದಕ್ಕೆ ಈ ಸಂಚಿಕೆಯ ಅಂಕಣವನ್ನು ಮೀಸಲಿಟ್ಟಿದ್ದೇವೆ. ಬಂದ ಪತ್ರಗಳಲ್ಲಿ ಒಂದೇ ಬಗೆಯವನ್ನು ಒಟ್ಟುಗೂಡಿಸಿ ಎಂಟು ಪ್ರಶ್ನೆಗಳನ್ನಾಗಿ ಮಾಡಿಕೊಂಡಿದ್ದೇನೆ. ಮೊದಲನೆಯ ಪ್ರಶ್ನೆಯೇ ಉಳಿದೆಲ್ಲಕ್ಕೂ ಬುನಾದಿಯಾದ್ದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ತಿಂಗಳ ಮಗುವಿಗೆ ಇಂಥದ್ದು ಕಾಣುತ್ತದೆ, ಇಂಥದ್ದು ನೆನಪಿರುತ್ತದೆ ಎಂದೆಲ್ಲ ಓದುತ್ತೇವೆ. ಮಾತನಾಡಲು, ಬೆರಳು ಮಾಡಿ ತೋರಿಸಲು ಬಾರದ ಮಗುವಿನ ಮನಸ್ಸಿನಲ್ಲಿ ಏನಿದೆ ಎಂದು ಹೇಗೆ ತಿಳಿಯುತ್ತದೆ? ಇದೆಲ್ಲ ದೊಡ್ಡವರ ಊಹೆಯಲ್ಲವೇ? (ಮನಶ್ಶಾಸ್ತ್ರದ ವಿದ್ಯಾರ್ಥಿನಿ)

ಉತ್ತರ: ನಿಮ್ಮ ಅನುಮಾನ ಸರಿಯಾದದ್ದು, ಈ ವಿಷಯದಲ್ಲಿ ಕೆಲಸ ಮಾಡುವವರು ಮೊದಲು ಕಲಿಯಬೇಕಾದದ್ದೂ ಆ ಅನುಮಾನವನ್ನೇ. ಮಗುವಿನ ಮುಖ ನೋಡಿ ‘ಇದಕ್ಕೆ ನಾನು ಯಾರೆಂದು ಗೊತ್ತು’ ಎನ್ನುವುದು ಪ್ರೀತಿಯ ಮಾತು, ಅದನ್ನು ಪುರಾವೆಯಾಗಿ ಎಣಿಸಲಾಗದು. ಹಾಗೆಂದು ಮಾತು ಬಾರದ ಮಗು ಉತ್ತರವನ್ನೇ ಕೊಡಲಾರದು ಎಂದೂ ತಿಳಿಯಬೇಕಿಲ್ಲ. ಹಸುಗೂಸಿನ ಹಿಡಿತದಲ್ಲಿರುವ ಕೆಲಸಗಳು ಕೆಲವೇ ಕೆಲವು: ಅದು ನೋಡಬಲ್ಲದು, ನೋಟವನ್ನು ಬೇರೆಡೆಗೆ ಹೊರಳಿಸಬಲ್ಲದು, ಚೀಪಬಲ್ಲದು, ಕಾಲು ಒದೆಯಬಲ್ಲದು. ಇಷ್ಟರಲ್ಲೇ ಉತ್ತರ ಹೇಳಬಹುದಾದಂತೆ ಪ್ರಶ್ನೆಯನ್ನು ಕಟ್ಟುವುದು ಸಂಶೋಧಕರ ಹೊಣೆ. ಪ್ರಶ್ನೆ ಸರಿಯಾಗಿಲ್ಲದಿದ್ದರೆ ಮಗುವಿಗೆ ಏನೂ ತಿಳಿಯದು ಎಂಬ ತಪ್ಪು ತೀರ್ಮಾನಕ್ಕೆ ಬಂದುಬಿಡುತ್ತೇವೆ.

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಫ್ಯಾಂಟ್ಸ್ 1950ರ ದಶಕದ ಕೊನೆಯ ಹೊತ್ತಿಗೆ ರೂಪಿಸಿದ ಏರ್ಪಾಡು ಬಹಳ ಸರಳವಾಗಿತ್ತು. ಮಗುವನ್ನು ಅಂಗಾತ ಮಲಗಿಸಿ, ಅದರ ಮೇಲೆ ಪೆಟ್ಟಿಗೆಯಂಥ ಒಂದು ಗೂಡನ್ನು ಇರಿಸಲಾಗುತ್ತಿತ್ತು. ಗೂಡಿನ ಸೂರಿನಲ್ಲಿ ಚಿತ್ರಗಳು, ಅವುಗಳ ಪಕ್ಕದಲ್ಲಿ ಒಂದು ಸಣ್ಣ ಇಣುಕುಕಂಡಿ. ಆ ಕಂಡಿಯಿಂದ ನೋಡುವವರಿಗೆ ಮಗುವಿನ ಕಣ್ಣಿನ ಮೇಲೆಯೇ ಚಿತ್ರದ ಪುಟ್ಟ ಪ್ರತಿಬಿಂಬ ಕಾಣುತ್ತಿತ್ತು. ಪ್ರತಿಬಿಂಬವು ಪಾಪೆಯ ನಟ್ಟನಡುವೆ ಬಿದ್ದಿದ್ದರೆ ಮಗು ಆ ಚಿತ್ರವನ್ನೇ ನೋಡುತ್ತಿದೆ ಎಂದರ್ಥ. ಎಷ್ಟು ಸೆಕೆಂಡು ನೋಡಿತು ಎಂದು ಎಣಿಸಿದರೆ ಮುಗಿಯಿತು. 1963ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಐದು ದಿನವೂ ತುಂಬದ ಶಿಶುಗಳು ಬರಿಯ ಬಣ್ಣದ ಬಿಲ್ಲೆಗಳಿಗಿಂತ ಮುಖದ ಚಿತ್ರ, ಒಂದರೊಳಗೊಂದು ವೃತ್ತಗಳು, ಅಚ್ಚಾದ ಅಕ್ಷರಗಳ ತುಣುಕು ಇವುಗಳನ್ನೇ ಹೆಚ್ಚು ಹೊತ್ತು ನೋಡಿದವು. ಹುಟ್ಟಿದ ಮಗುವಿಗೆ ಬೆಳಕು ಮತ್ತು ಕತ್ತಲೆ ಬಿಟ್ಟರೆ ಬೇರೇನೂ ಕಾಣದು ಎಂದು ಹಲವರು ನಂಬಿದ್ದ ಕಾಲದಲ್ಲಿ ಒಂದು ಕಂಡಿ ಮತ್ತು ಒಂದು ಗಡಿಯಾರ ಆ ನಂಬಿಕೆಯನ್ನು ಅಲುಗಿಸಿಬಿಟ್ಟವು.

ಇದರ ಬೆನ್ನಿಗೇ ಬಂದದ್ದು ಮಗುವಿನ ಬೇಸರವನ್ನೇ ಅಳತೆಗೋಲಾಗಿಸುವ ವಿಧಾನ. ಒಂದೇ ಚಿತ್ರವನ್ನು ಮತ್ತೆ ಮತ್ತೆ ತೋರಿಸಿದರೆ ಮಗು ಅದನ್ನು ನೋಡುವ ಹೊತ್ತು ಇಳಿಯುತ್ತ ಹೋಗುತ್ತದೆ. ಆಗ ಚಿತ್ರವನ್ನು ಸ್ವಲ್ಪ ಬದಲಿಸಬೇಕು. ನೋಟ ಮತ್ತೆ ಚುರುಕಾದರೆ ಎರಡು ಸಂಗತಿ ಒಟ್ಟಿಗೆ ತಿಳಿದಂತಾಯಿತು: ಮಗುವಿಗೆ ಹಳೆಯದು ನೆನಪಿತ್ತು, ಹೊಸದು ಬೇರೆಯದೆಂದು ಗೊತ್ತಾಯಿತು. ನೋಟ ಚುರುಕಾಗದಿದ್ದರೆ ಮಾತ್ರ ಆತುರದ ತೀರ್ಮಾನ ಕೂಡದು. ಮಗುವಿಗೆ ವ್ಯತ್ಯಾಸ ತಿಳಿಯದೆ ಇರಬಹುದು, ತಿಳಿದೂ ಅದರಲ್ಲಿ ಆಸಕ್ತಿ ಇಲ್ಲದಿರಬಹುದು, ಅಥವಾ ನಿದ್ದೆ ಬಂದಿರಬಹುದು.

ಕಿವಿಯ ವಿಷಯಕ್ಕೆ ಚೀಪುವಿಕೆ ನೆರವಾಯಿತು. 1971ರಲ್ಲಿ ಪೀಟರ್ ಐಮಾಸ್ ಮತ್ತು ಸಂಗಡಿಗರು ಒಂದು ಮತ್ತು ನಾಲ್ಕು ತಿಂಗಳ ಶಿಶುಗಳ ಬಾಯಿಗೆ ತಂತಿ ಜೋಡಿಸಿದ ರಬ್ಬರ್ ನಿಪ್ಪಲ್ ಕೊಟ್ಟು, ಜೋರಾಗಿ ಚೀಪಿದಾಗಲೆಲ್ಲ ‘ಬಾ’ ಎಂಬಂಥ ಒಂದು ಧ್ವನಿ ಕೇಳಿಸುವಂತೆ ಮಾಡಿದರು. ಮೊದಮೊದಲು ಶಿಶುಗಳು ಹುರುಪಿನಿಂದ ಚೀಪಿದವು, ಆಮೇಲೆ ಮಂದವಾದವು. ಧ್ವನಿಯನ್ನು ‘ಪಾ’ಗೆ ಬದಲಿಸಿದಾಗ ಚೀಪುವಿಕೆ ಮತ್ತೆ ಏರಿತು. ಅಷ್ಟೇ ಪ್ರಮಾಣದ ವ್ಯತ್ಯಾಸವನ್ನು ‘ಬಾ’ ಎಂಬುದರೊಳಗೇ ಮಾಡಿದಾಗ ಅಂಥ ಏರಿಕೆ ಕಾಣಲಿಲ್ಲ. ಎಂದರೆ ನಾವು ಎರಡು ಅಕ್ಷರಗಳ ನಡುವೆ ಎಳೆಯುವ ಗೆರೆಯ ಬಳಿಯೇ ತಿಂಗಳ ಕೂಸಿನ ಕಿವಿಯೂ ಗೆರೆ ಎಳೆಯುತ್ತದೆ. 1980ರಲ್ಲಿ ಆ್ಯಂಟನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಇದೇ ಜಾಡಿನಲ್ಲಿ ಮುಂದೆ ಹೋಗಿ, ಮೂರು ದಿನ ತುಂಬದ ಶಿಶುಗಳು ತಾಯಿಯ ದನಿ ಕೇಳುವುದಕ್ಕಾಗಿ ತಮ್ಮ ಚೀಪುವಿಕೆಯ ಲಯವನ್ನೇ ಬದಲಿಸಿಕೊಳ್ಳುತ್ತವೆ, ಅಪರಿಚಿತ ಹೆಂಗಸಿನ ದನಿಗಿಂತ ಅದನ್ನೇ ಹೆಚ್ಚು ಬಾರಿ ಆರಿಸಿಕೊಳ್ಳುತ್ತವೆ ಎಂದು ತೋರಿಸಿದರು. ಮೂರು ದಿನದಲ್ಲಿ ಕಲಿತದ್ದಕ್ಕಿಂತ ಗರ್ಭದಲ್ಲಿದ್ದಾಗ ಕೇಳಿದ್ದೇ ಇಲ್ಲಿ ಹೆಚ್ಚು ಕೆಲಸ ಮಾಡಿರಬೇಕು.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಕ್ಯಾರೊಲಿನ್ ರೋವೀ-ಕೊಲಿಯರ್ ಅವರ ದಾರದ ಪ್ರಯೋಗ. ಅದು ಹುಟ್ಟಿದ್ದು ಪ್ರಯೋಗಾಲಯದಲ್ಲಲ್ಲ, ತಮ್ಮದೇ ಮಗನ ತೊಟ್ಟಿಲ ಬಳಿ. ತೊಟ್ಟಿಲ ಮೇಲೆ ಬಣ್ಣದ ತೂಗುಬೊಂಬೆಗಳ ಒಂದು ಗೊಂಚಲು. ಮಗುವಿನ ಕಾಲಿನ ಮಣಿಕಟ್ಟಿಗೆ ಮೆತ್ತನೆಯ ಒಂದು ಪಟ್ಟಿ. ಮೊದಲ ಮೂರು ನಿಮಿಷ ಪಟ್ಟಿಯ ಇನ್ನೊಂದು ತುದಿಯನ್ನು ಗೊಂಚಲಿಗೆ ಕಟ್ಟುವುದಿಲ್ಲ. ಮಗು ಸುಮ್ಮನೆ ಎಷ್ಟು ಬಾರಿ ಒದೆಯುತ್ತದೆ ಎಂದು ಎಣಿಸಿಕೊಳ್ಳುತ್ತಾರೆ. ನಂತರ ಒಂಬತ್ತು ನಿಮಿಷ ಪಟ್ಟಿಯನ್ನು ಗೊಂಚಲಿಗೆ ಸೇರಿಸುತ್ತಾರೆ. ಮಗು ಅಕಸ್ಮಾತ್ತಾಗಿ ಒದೆಯುತ್ತದೆ, ಬೊಂಬೆಗಳು ಕುಣಿಯುತ್ತವೆ. ಕಾಲು ನಿಲ್ಲುತ್ತದೆ, ಕಣ್ಣು ಅರಳುತ್ತದೆ. ಇನ್ನೊಮ್ಮೆ ಒದೆತ, ಇನ್ನೊಮ್ಮೆ ಕುಣಿತ. ಕೆಲವೇ ನಿಮಿಷಗಳಲ್ಲಿ ಆ ಕಾಲು ಮೊದಲಿಗಿಂತ ಬಹಳ ಹೆಚ್ಚು ಒದೆಯತೊಡಗುತ್ತದೆ. ಕೆಲವು ದಿನ ಬಿಟ್ಟು ಪಟ್ಟಿ ಸೇರಿಸದೆ ಅದೇ ಗೊಂಚಲನ್ನು ತೂಗುಹಾಕಿದಾಗ ಮಗು ಜೋರಾಗಿ ಒದೆದರೆ ಅದಕ್ಕೆ ನೆನಪಿದೆ ಎಂದು ಹೇಳಬಹುದು. ಹೀಗೆ ಪರೀಕ್ಷಿಸಿದಾಗ ಎರಡು ತಿಂಗಳ ಮಗುವಿನ ನೆನಪು ಒಂದೆರಡು ದಿನ, ಮೂರು ತಿಂಗಳ ಮಗುವಿನದು ಸುಮಾರು ಒಂದು ವಾರ, ಆರು ತಿಂಗಳ ಮಗುವಿನದು ಸುಮಾರು ಎರಡು ವಾರ ಉಳಿಯುತ್ತದೆಂದು ಕಂಡುಬಂತು. ಮರೆತಂತೆ ತೋರಿದ ಮಗುವಿಗೂ ಬೊಂಬೆಗಳ ಕುಣಿತವನ್ನು ಒಮ್ಮೆ ಸುಮ್ಮನೆ ತೋರಿಸಿದರೆ ಮರುದಿನ ನೆನಪು ಮರಳುತ್ತಿತ್ತು.

ಇಷ್ಟಾದರೂ ಒಂದು ಎಚ್ಚರ ಬೇಕು. ಮಗು ಹೆಚ್ಚು ಹೊತ್ತು ನೋಡಿತು ಎಂಬುದು ಕಂಡ ಸಂಗತಿ. ಏಕೆ ನೋಡಿತು ಎಂಬುದು ನಮ್ಮ ವ್ಯಾಖ್ಯಾನ. 1992ರಲ್ಲಿ ಕರೆನ್ ವಿನ್ ಅವರು ಐದು ತಿಂಗಳ ಶಿಶುಗಳ ಎದುರು ಒಂದು ಬೊಂಬೆಯನ್ನಿಟ್ಟು, ಪರದೆ ಎಳೆದು, ಇನ್ನೊಂದು ಬೊಂಬೆಯನ್ನು ಪರದೆಯ ಹಿಂದೆ ಸೇರಿಸಿದರು. ಪರದೆ ಸರಿದಾಗ ಎರಡರ ಬದಲು ಒಂದೇ ಬೊಂಬೆ ಕಂಡರೆ ಶಿಶುಗಳು ಹೆಚ್ಚು ಹೊತ್ತು ದಿಟ್ಟಿಸಿದವು. ಶಿಶುವಿಗೆ ಕೂಡುವ ಲೆಕ್ಕ ಬರುತ್ತದೆ ಎಂದು ಇದನ್ನು ಓದಿದವರುಂಟು. ತನ್ನ ಕಣ್ಣೆದುರಿನ ವಸ್ತುಗಳ ಜಾಡನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟು ಹೇಳಿದರೆ ಸಾಕು ಎಂದವರೂ ಉಂಟು. ನಾನು ಎರಡನೆಯವರ ಕಡೆಗೆ ವಾಲುತ್ತೇನೆ. ಶಿಶುವಿನ ಸಾಮರ್ಥ್ಯವನ್ನು ಸಾರುವ ಉತ್ಸಾಹದಲ್ಲಿ, ಪುರಾವೆ ಎಷ್ಟು ಹೇಳುತ್ತದೋ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿಬಿಡುವ ಅಪಾಯ ಈ ಕ್ಷೇತ್ರದಲ್ಲಿ ಸದಾ ಇದೆ.

ಪ್ರಶ್ನೆ: ಎಳೆಮಗುವಿಗೆ ಕಪ್ಪು-ಬಿಳುಪಿನ ಕಾರ್ಡುಗಳನ್ನು ತೋರಿಸಿದರೆ ಮಿದುಳು ಬೇಗ ಬೆಳೆಯುತ್ತದೆಯೇ? ಮೊಬೈಲಿನಲ್ಲಿ ಅಂಥ ವಿಡಿಯೊಗಳೂ ಇವೆ. (ಒಂದು ತಿಂಗಳ ಮಗುವಿನ ತಾಯಿ)

ಉತ್ತರ: ಕಾರ್ಡುಗಳನ್ನು ಮಗು ದಿಟ್ಟಿಸಿ ನೋಡುವುದು ನಿಜ, ಏಕೆಂದರೆ ಆ ವಯಸ್ಸಿನಲ್ಲಿ ಗಾಢ ಅಂಚುಗಳೇ ಅದಕ್ಕೆ ಚೆನ್ನಾಗಿ ಕಾಣುವಂಥವು. ದೊಡ್ಡವರಿಗೆ 400 ಅಡಿ ದೂರದಿಂದ ಗುರುತಾಗುವ ವಿವರವನ್ನು ನವಜಾತ ಶಿಶುವಿಗೆ ಕಾಣಿಸಬೇಕಾದರೆ ಸುಮಾರು 20 ಅಡಿಯಷ್ಟು ಹತ್ತಿರಕ್ಕೆ ತರಬೇಕಾಗುತ್ತದೆ. ಆದರೆ ಎದೆಗೆ ಒರಗಿಸಿಕೊಂಡಾಗ ಎದುರಿಗೆ ಕಾಣುವ ನಿಮ್ಮ ಮುಖದಲ್ಲೇ ಕೂದಲಿನ ಅಂಚು, ಹುಬ್ಬು, ಕಣ್ಣು, ಅಲುಗುವ ತುಟಿ ಎಲ್ಲವೂ ಇವೆ. ಆ ಮುಖ ಮಗುವಿನ ನೋಟಕ್ಕೆ ತಕ್ಕಂತೆ ಬದಲಾಗುತ್ತದೆ, ಕಾರ್ಡು ಬದಲಾಗದು. ನಾಲ್ಕು ದಿನದ ಶಿಶುಗಳು ತಾಯಿಯ ಮುಖವನ್ನು ಆರಿಸಿ ನೋಡಿದರೂ, ತಾಯಿ ಮತ್ತು ಅಪರಿಚಿತ ಹೆಂಗಸು ಇಬ್ಬರೂ ತಲೆಗೆ ವಸ್ತ್ರ ಸುತ್ತಿಕೊಂಡಾಗ ಅವಕ್ಕೆ ಗುರುತು ಸಿಗಲಿಲ್ಲ ಎಂದು 1995ರ ಒಂದು ಅಧ್ಯಯನ ಹೇಳುತ್ತದೆ. ಎಂದರೆ ಆರಂಭದಲ್ಲಿ ಮುಖದ ಹೊರಗೆರೆಯೇ ಗುರುತಿನ ಆಧಾರ. ಮೊಬೈಲ್, ಟಿವಿಗಳ ಪರದೆಯ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಸ್ಪಷ್ಟವಾಗಿದೆ: ಒಂದು ವರ್ಷದೊಳಗಿನ ಮಕ್ಕಳಿಗೆ ಅದು ಬೇಡ.

ಪ್ರಶ್ನೆ: ನಮ್ಮ ಮಗುವಿಗೆ ಮೂರು ವಾರ. ನಾನು ನಾಲಿಗೆ ಹೊರಚಾಚಿದರೆ ತಾನೂ ಚಾಚುತ್ತದೆ, ನಿದ್ದೆಯಲ್ಲಿ ನಗುತ್ತದೆ. ಇವು ನಿಜವಾದ ಅನುಕರಣೆ, ನಿಜವಾದ ನಗುವೇ? (ಮೊದಲ ಬಾರಿ ತಂದೆಯಾದವರು)

ಉತ್ತರ: 1977ರಲ್ಲಿ ಆ್ಯಂಡ್ರೂ ಮೆಲ್ಟ್‌ಸಾಫ್ ಮತ್ತು ಕೀತ್ ಮೂರ್ ಅವರು 12ರಿಂದ 21 ದಿನಗಳ ಶಿಶುಗಳು ನಾಲಿಗೆ ಚಾಚುವುದನ್ನೂ ಬಾಯಿ ತೆರೆಯುವುದನ್ನೂ ಅನುಕರಿಸುತ್ತವೆ ಎಂದು ಬರೆದಾಗ ಅದು ಪಠ್ಯಪುಸ್ತಕಗಳನ್ನೇ ಸೇರಿತು. ಆದರೆ 2016ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ನೂರಕ್ಕೂ ಹೆಚ್ಚು ಶಿಶುಗಳನ್ನು ಒಂದು, ಮೂರು, ಆರು ಮತ್ತು ಒಂಬತ್ತನೆಯ ವಾರಗಳಲ್ಲಿ, ಹನ್ನೊಂದು ಬಗೆಯ ಭಂಗಿಗಳನ್ನು ತೋರಿಸಿ ಪರೀಕ್ಷಿಸಿದಾಗ ಅನುಕರಣೆಗೆ ಆಧಾರ ಸಿಗಲಿಲ್ಲ. ನಾಲಿಗೆ ಚಾಚಿದಾಗಷ್ಟೇ ಅಲ್ಲ, ಬೇರೆ ಏನನ್ನಾದರೂ ತೋರಿಸಿದಾಗಲೂ ಶಿಶುಗಳು ನಾಲಿಗೆ ಚಾಚುತ್ತಿದ್ದವು. ಯಾವುದನ್ನು ಕಂಡು ಉತ್ಸಾಹ ಬಂದರೂ ಎಳೆಮಗುವಿನ ನಾಲಿಗೆ ಹೊರಬರುತ್ತದೆ ಎಂಬ ವಿವರಣೆ ಇದರಿಂದ ಬಲಗೊಂಡಿದೆ. ಮೂಲ ಸಂಶೋಧಕರು ಇದನ್ನು ಒಪ್ಪಿಲ್ಲ, ಚರ್ಚೆ ನಡೆದಿದೆ.

ಇಂಥ ತಕರಾರುಗಳಿಗೆ ಒಂದು ಕಾರಣ, ಒಂದೊಂದು ಪ್ರಯೋಗಾಲಯಕ್ಕೆ ಸಿಗುವ ಶಿಶುಗಳು ಹತ್ತಿಪ್ಪತ್ತು ಮಾತ್ರ ಎಂಬುದು. ಅದಕ್ಕೆ ಪರಿಹಾರವಾಗಿ ಹಲವು ದೇಶಗಳ ಪ್ರಯೋಗಾಲಯಗಳು ‘ಮೆನಿ ಬೇಬೀಸ್’ ಎಂಬ ಹೆಸರಿನಲ್ಲಿ ಒಂದೇ ಪ್ರಯೋಗವನ್ನು ಒಂದೇ ರೀತಿಯಲ್ಲಿ ಮಾಡತೊಡಗಿವೆ. 2020ರಲ್ಲಿ ಪ್ರಕಟವಾದ ಅವರ ಮೊದಲ ಅಧ್ಯಯನದಲ್ಲಿ 67 ಪ್ರಯೋಗಾಲಯಗಳು, ಎರಡು ಸಾವಿರಕ್ಕೂ ಹೆಚ್ಚು ಶಿಶುಗಳು ಇದ್ದವು. ಮಕ್ಕಳೊಡನೆ ನಾವು ಆಡುವ ರಾಗದ, ಏರಿಳಿತದ ಮಾತನ್ನು ಶಿಶುಗಳು ಸಾಮಾನ್ಯ ಮಾತಿಗಿಂತ ಹೆಚ್ಚು ಇಷ್ಟಪಡುತ್ತವೆ ಎಂಬುದು ಅಲ್ಲಿ ಗಟ್ಟಿಯಾಯಿತು, ಆದರೆ ಹಿಂದಿನ ಸಣ್ಣ ಅಧ್ಯಯನಗಳು ಹೇಳಿದ್ದಕ್ಕಿಂತ ಆ ಒಲವು ಕಡಿಮೆ ಪ್ರಮಾಣದ್ದು ಎಂದೂ ಗೊತ್ತಾಯಿತು.

ನಿದ್ದೆಯ ನಗು ಮಿದುಳಿನ ಒಳ ಚಟುವಟಿಕೆಯಿಂದ ಹುಟ್ಟುವಂಥದ್ದು. ಎದುರಿನ ಮುಖ ಕಂಡು ಅರಳುವ ನಗು ಸಾಮಾನ್ಯವಾಗಿ ಆರರಿಂದ ಎಂಟು ವಾರಗಳಲ್ಲಿ ಬರುತ್ತದೆ. ಇನ್ನು ಮೂರು ವಾರ ಕಾಯಿರಿ. ಮತ್ತೆ, ನಾಲಿಗೆ ಚಾಚುವ ಆಟವನ್ನು ಬಿಡಬೇಡಿ. ಮಗು ನಿಮ್ಮನ್ನು ಅನುಕರಿಸುತ್ತಿದೆಯೋ ಇಲ್ಲವೋ, ನೀವಂತೂ ಅದನ್ನು ಅನುಕರಿಸುತ್ತಿದ್ದೀರಿ, ಮತ್ತು ತನ್ನ ಚಲನೆಗೆ ಎದುರಿನವರು ತಕ್ಷಣ ಸ್ಪಂದಿಸುವುದು ಮಗುವಿಗೆ ಬಹು ಮುಖ್ಯ. ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಮಾಡಿದ ಪ್ರಯೋಗದಲ್ಲಿ, ಆಡುತ್ತಿದ್ದ ತಾಯಂದಿರು ಕೆಲವು ನಿಮಿಷ ಭಾವವಿಲ್ಲದ ಮುಖ ಮಾಡಿಕೊಂಡು ಸುಮ್ಮನೆ ಕುಳಿತರು. ಕೆಲವೇ ತಿಂಗಳ ಶಿಶುಗಳು ಮೊದಲು ನಕ್ಕು ಕರೆದವು, ಮತ್ತೆ ಮತ್ತೆ ಯತ್ನಿಸಿದವು, ಕೊನೆಗೆ ಮುಖ ತಿರುಗಿಸಿ ಕುಗ್ಗಿದವು.

ಪ್ರಶ್ನೆ: ಹುಟ್ಟಿದ ಹೊಸದರಲ್ಲಿ ಕಂಕುಳಲ್ಲಿ ಹಿಡಿದು ನಿಲ್ಲಿಸಿದರೆ ಮೊಮ್ಮಗಳು ಹೆಜ್ಜೆ ಹಾಕುತ್ತಿದ್ದಳು. ಎರಡು ತಿಂಗಳಾಗುವಷ್ಟರಲ್ಲಿ ಅದು ನಿಂತುಹೋಯಿತು. ಕಾಲಿನ ಶಕ್ತಿ ಕುಂದಿತೇ? (ಅಜ್ಜಿ)

ಉತ್ತರ: ಇಲ್ಲ ಅಮ್ಮ, ನಿಮ್ಮ ಮೊಮ್ಮಗಳು ಬೆಳೆಯುತ್ತಿದ್ದಾಳೆ, ಅಷ್ಟೇ. ನವಜಾತ ಶಿಶುವಿನ ಈ ಹೆಜ್ಜೆಯನ್ನು ಪರಾವರ್ತಿತ ಪ್ರತಿಕ್ರಿಯೆ, ಅಂದರೆ ಇಚ್ಛೆಯಿಲ್ಲದೆ ತಾನಾಗಿಯೇ ಆಗುವ ಚಲನೆ, ಎನ್ನುತ್ತಾರೆ. ಮಿದುಳು ಬಲಿತಂತೆ ಅದು ಇದನ್ನು ಅದುಮಿಡುತ್ತದೆ ಎಂದು ಬಹುಕಾಲ ಹೇಳಿಕೊಂಡು ಬರಲಾಗಿತ್ತು. ಎಸ್ತರ್ ಥೇಲನ್ ಎಂಬ ಸಂಶೋಧಕಿಗೆ ಅದು ಸಾಲದೆನಿಸಿತು, ಏಕೆಂದರೆ ಹೆಜ್ಜೆ ನಿಲ್ಲಿಸಿದ ಅದೇ ಮಗು ಅಂಗಾತ ಮಲಗಿದಾಗ ಕಾಲುಗಳನ್ನು ಅದೇ ಲಯದಲ್ಲಿ ಒದೆಯುತ್ತಿತ್ತು. ಮಿದುಳು ಅದುಮಿಡುವುದಾದರೆ ಮಲಗಿದಾಗ ಮಾತ್ರ ಏಕೆ ಬಿಟ್ಟುಕೊಡಬೇಕು? 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರೂ ಸಂಗಡಿಗರೂ ಶಿಶುಗಳನ್ನು ಎದೆಮಟ್ಟದ ಬೆಚ್ಚನೆಯ ನೀರಿನಲ್ಲಿ ನೆಟ್ಟಗೆ ಹಿಡಿದರು. ನೀರು ಕಾಲಿನ ಭಾರವನ್ನು ಹೊತ್ತುಕೊಂಡಿತು, ಹೆಜ್ಜೆಗಳು ಹೆಚ್ಚಿದವು. ಇನ್ನೂ ಹೆಜ್ಜೆ ಹಾಕುತ್ತಿದ್ದ ಶಿಶುಗಳ ಕಾಲಿಗೆ ಸಣ್ಣ ತೂಕ ಕಟ್ಟಿದಾಗ ಹೆಜ್ಜೆಗಳು ಕಡಿಮೆಯಾದವು. ಮೊದಲ ತಿಂಗಳುಗಳಲ್ಲಿ ತೊಡೆಯ ಮೇಲೆ ಕೊಬ್ಬು ಬೇಗ ಬೇಗ ತುಂಬಿಕೊಳ್ಳುತ್ತದೆ, ಸ್ನಾಯು ಆ ವೇಗಕ್ಕೆ ಬಲವಾಗುವುದಿಲ್ಲ. ಭಾರವಾದ ಕಾಲನ್ನು ಎತ್ತಲು ಆಗದೆ ಹೆಜ್ಜೆ ಮರೆಯಾಗುತ್ತದೆ. ಬೆಳವಣಿಗೆ ಎಂದರೆ ಮಿದುಳಿನ ಕತೆ ಮಾತ್ರ ಎಂದು ನಂಬಿದವರಿಗೆ ಈ ನೀರಿನ ತೊಟ್ಟಿ ದೊಡ್ಡ ಪಾಠವಾಯಿತು. ಹೆಜ್ಜೆಯನ್ನು ಉಳಿಸಲೆಂದು ಮಗುವನ್ನು ಹಿಡಿದು ನಡೆಸುವ ಅಗತ್ಯವಿಲ್ಲ.

ಪ್ರಶ್ನೆ: ನಮ್ಮ ಮಗ ಏಳು ವಾರ ಮುಂಚೆ ಹುಟ್ಟಿದ. ಈಗ ನಾಲ್ಕು ತಿಂಗಳು, ಕತ್ತು ಇನ್ನೂ ನಿಂತಿಲ್ಲ. ಇದೇ ವಯಸ್ಸಿನ ನಾದಿನಿಯ ಮಗು ಆಗಲೇ ಬೋರಲು ಬೀಳುತ್ತಿದೆ. ಮನೆಯವರೆಲ್ಲ ಹೋಲಿಸುತ್ತಾರೆ, ನನಗೆ ರಾತ್ರಿ ನಿದ್ದೆ ಬರುವುದಿಲ್ಲ. (ತಾಯಿ)

ಉತ್ತರ: ಮೊದಲು ಲೆಕ್ಕವನ್ನು ಸರಿಪಡಿಸೋಣ. ನಾಲ್ಕು ತಿಂಗಳೆಂದರೆ ಸುಮಾರು 17 ವಾರ. ಅದರಲ್ಲಿ ಏಳು ವಾರ ಕಳೆಯಿರಿ. ಉಳಿಯುವುದು 10 ವಾರ. ಬೆಳವಣಿಗೆಯ ದೃಷ್ಟಿಯಲ್ಲಿ ನಿಮ್ಮ ಮಗನಿಗೆ ಎರಡೂವರೆ ತಿಂಗಳೂ ತುಂಬಿಲ್ಲ. ಇದನ್ನು ಸರಿಪಡಿಸಿದ ವಯಸ್ಸು ಎನ್ನುತ್ತಾರೆ, ಸಾಮಾನ್ಯವಾಗಿ ಎರಡು ವರ್ಷದವರೆಗೆ ಹೀಗೆಯೇ ಎಣಿಸುತ್ತಾರೆ. ಎರಡೂವರೆ ತಿಂಗಳ ಮಗುವಿನ ಕತ್ತು ಪೂರ್ತಿ ನಿಲ್ಲದಿರುವುದು ಸಹಜ. ನಿಮ್ಮ ಮನೆಯವರು ಒಂದು ಮಗುವಿನ ಹತ್ತನೆಯ ವಾರವನ್ನು ಇನ್ನೊಂದು ಮಗುವಿನ ಹದಿನೇಳನೆಯ ವಾರದೊಡನೆ ಹೋಲಿಸುತ್ತಿದ್ದಾರೆ. ಈ ಲೆಕ್ಕವನ್ನು ಅವರ ಮುಂದೆಯೂ ಇಡಿ.

ಅವಧಿ ತುಂಬಿ ಹುಟ್ಟಿದ, ಆರೋಗ್ಯವಂತ ಮಕ್ಕಳಲ್ಲೂ ವ್ಯತ್ಯಾಸ ಎಷ್ಟಿರುತ್ತದೆ ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ದೊಡ್ಡ ಅಧ್ಯಯನವೊಂದಿದೆ. 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕದಲ್ಲಿ ನಡೆದ ಆ ಅಧ್ಯಯನದ ಆಧಾರದ ಮೇಲೆ 2006ರಲ್ಲಿ ಬೆಳವಣಿಗೆಯ ಮಾನದಂಡಗಳು ಪ್ರಕಟವಾದವು. ಆಸರೆಯಿಲ್ಲದೆ ಕೂರುವ ವಯಸ್ಸು ಅಲ್ಲಿ 3.8ರಿಂದ 9.2 ತಿಂಗಳವರೆಗೆ ಹರಡಿದೆ. ಒಂಟಿಯಾಗಿ ನಡೆಯುವ ವಯಸ್ಸು 8.2ರಿಂದ 17.6 ತಿಂಗಳವರೆಗೆ. ನೂರಕ್ಕೆ ಸುಮಾರು ನಾಲ್ಕು ಮಕ್ಕಳು ಕೈ-ಮಂಡಿಯೂರಿ ಅಂಬೆಗಾಲಿಡಲೇ ಇಲ್ಲ, ನೇರವಾಗಿ ಮುಂದಿನದಕ್ಕೆ ಹೋದರು. ಒಂದೇ ತಾರೀಖಿಗೆ ಎಲ್ಲರೂ ಮುಟ್ಟಬೇಕಾದ ಗುರಿ ಎಂದು ಈ ಹಂತಗಳನ್ನು ಭಾವಿಸುವುದರಿಂದಲೇ ಎಷ್ಟೋ ತಾಯಂದಿರ ನಿದ್ದೆ ಹಾಳಾಗಿದೆ.

ಆದರೂ ಅವಧಿಗೆ ಮುನ್ನ ಹುಟ್ಟಿದ ಮಗುವನ್ನು ಮಕ್ಕಳ ತಜ್ಞರು ಆಗಾಗ ನೋಡುತ್ತಿರಬೇಕು, ಇದರಲ್ಲಿ ರಾಜಿ ಬೇಡ. ಮೈ ಸದಾ ಬಿಗಿಯಾಗಿ ಅಥವಾ ಸದಾ ಜೋಲುತ್ತ ಇದ್ದರೆ, ಒಂದೇ ಕೈ ಅಥವಾ ಒಂದೇ ಕಾಲನ್ನು ಬಳಸುತ್ತಿದ್ದರೆ, ಜೋರು ಸದ್ದಿಗೆ ಬೆಚ್ಚದಿದ್ದರೆ, ಸರಿಪಡಿಸಿದ ವಯಸ್ಸು ಮೂರು ತಿಂಗಳಾದರೂ ಮುಖವನ್ನು ಕಣ್ಣಿನಿಂದ ಹಿಂಬಾಲಿಸದೆ, ನಗದೆ ಇದ್ದರೆ, ಕಲಿತದ್ದನ್ನು ಕಳೆದುಕೊಂಡರೆ ಮುಂದಿನ ಭೇಟಿಯವರೆಗೆ ಕಾಯದೆ ಕೂಡಲೇ ತೋರಿಸಿ. ನಿಮ್ಮ ವೈದ್ಯರಲ್ಲಿ ಇನ್ನೊಂದು ಪರೀಕ್ಷೆಯ ಬಗ್ಗೆಯೂ ವಿಚಾರಿಸಿ. ಹೈಂಜ್ ಪ್ರೆಕ್ಟೆಲ್ ಎಂಬ ವೈದ್ಯರು ರೂಪಿಸಿದ ಈ ವಿಧಾನದಲ್ಲಿ ಮಗುವನ್ನು ಮುಟ್ಟುವುದೇ ಇಲ್ಲ. ಎಚ್ಚರವಾಗಿ, ನೆಮ್ಮದಿಯಾಗಿ ಇರುವಾಗ ಅಂಗಾತ ಮಲಗಿಸಿ, ಆಟಿಕೆಯಿಲ್ಲದೆ, ಯಾರೂ ಮಾತನಾಡಿಸದೆ ಕೆಲವು ನಿಮಿಷ ವಿಡಿಯೊ ಮಾಡುತ್ತಾರೆ. ಸುಮಾರು ಒಂಬತ್ತರಿಂದ ಇಪ್ಪತ್ತು ವಾರಗಳ ನಡುವೆ (ಇಲ್ಲಿಯೂ ಸರಿಪಡಿಸಿದ ವಯಸ್ಸೇ ಲೆಕ್ಕ) ಆರೋಗ್ಯವಂತ ಮಗುವಿನ ಕತ್ತು, ಕೈ, ಸೊಂಟ, ಕಾಲುಗಳಲ್ಲಿ ಎಲ್ಲ ದಿಕ್ಕಿಗೂ ಹರಿಯುವ ಸಣ್ಣ ಸಣ್ಣ ಚಲನೆಗಳು ಕಾಣುತ್ತವೆ. ತರಬೇತಿ ಪಡೆದವರು ಅವನ್ನು ನೋಡಿದರೆ ಮಗು ಸರಿಯಾದ ದಾರಿಯಲ್ಲಿದೆ ಎಂಬ ಭರವಸೆ ಹೆಚ್ಚು. ಅವು ಇಲ್ಲವೇ ಇಲ್ಲ ಎಂದಾದರೆ ಸೆರೆಬ್ರಲ್ ಪಾಲ್ಸಿಯ (ಮಿದುಳಿನ ತೊಂದರೆಯಿಂದ ಮೈಯ ಚಲನೆಗೆ ತೊಡಕಾಗುವ ಸ್ಥಿತಿ) ಸಾಧ್ಯತೆಯನ್ನು ಬಹಳ ಮೊದಲೇ ಗುರುತಿಸಿ ನೆರವು ಆರಂಭಿಸಬಹುದು. ನಿಮ್ಮ ಮಗ ಈಗ ಅದೇ ವಾರಗಳಲ್ಲಿದ್ದಾನೆ.

ಪ್ರಶ್ನೆ: ಮನೆಯಲ್ಲಿ ಎರಡು ಭಾಷೆ ಆಡಿದರೆ ಎಳೆಮಗುವಿಗೆ ಗೊಂದಲವಾಗುವುದಿಲ್ಲವೇ? (ಶಿಕ್ಷಕರು)

ಉತ್ತರ: ಆಗುವುದಿಲ್ಲ. ಶಿಶುವಿನ ಕಿವಿ ಮೊದಲು ಬಹಳ ಅಗಲವಾಗಿ ತೆರೆದಿರುತ್ತದೆ, ಆಮೇಲೆ ತನ್ನ ಸುತ್ತ ಕೇಳುವ ಭಾಷೆಗೆ ಹೊಂದಿಕೊಳ್ಳುತ್ತದೆ. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇಂಗ್ಲಿಷ್ ಮಾತಿನ ಮನೆಗಳ ಶಿಶುಗಳಿಗೆ ಹಿಂದಿಯ ದಂತ್ಯ ಮತ್ತು ಮೂರ್ಧನ್ಯ ಧ್ವನಿಗಳನ್ನು, ಅಂದರೆ ನಮ್ಮ ತಕಾರ ಮತ್ತು ಟಕಾರಗಳಂಥವನ್ನು, ಕೇಳಿಸಿದರು. ಆರರಿಂದ ಎಂಟು ತಿಂಗಳ ಶಿಶುಗಳು ಭೇದವನ್ನು ಸಲೀಸಾಗಿ ಹಿಡಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಹೆಚ್ಚಿನವು ಹಿಡಿಯದಾದವು. ಎರಡೂ ಭಾಷೆಗಳು ಜೀವಂತ ಮನುಷ್ಯರ ಬಾಯಿಂದ, ದಿನದಿನವೂ ಕಿವಿಗೆ ಬೀಳುತ್ತಿದ್ದರೆ ಎರಡರ ಧ್ವನಿಗಳಿಗೂ ಕಿವಿ ತೆರೆದೇ ಇರುತ್ತದೆ.

ಪ್ರಶ್ನೆ: ಒಪ್ಪಿಗೆ ಕೊಡಲು ಬಾರದ ಹಸುಗೂಸನ್ನು ಪ್ರಯೋಗಕ್ಕೆ ಒಡ್ಡುವುದು ನ್ಯಾಯವೇ? (ನಿವೃತ್ತ ಉದ್ಯೋಗಿ)

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ಕೃತಜ್ಞ. ಒಪ್ಪಿಗೆಯನ್ನು ತಂದೆತಾಯಿ ಲಿಖಿತವಾಗಿ ಕೊಡುತ್ತಾರೆ, ಯಾವ ಕ್ಷಣದಲ್ಲಾದರೂ ಕಾರಣ ಹೇಳದೆ ಹಿಂತೆಗೆದುಕೊಳ್ಳಬಹುದು. ಪ್ರಯೋಗ ನ್ಯಾಯವಾದದ್ದೇ ಎಂದು ಪರಿಶೀಲಿಸುವ ನೀತಿ ಸಮಿತಿಯ ಅನುಮತಿ ಅದಕ್ಕೂ ಮೊದಲು ಬೇಕು. ಆದರೆ ಕೊಠಡಿಯೊಳಗೆ ಕೊನೆಯ ಮಾತು ಮಗುವಿನದೇ ಆಗಬೇಕು. ಅತ್ತರೆ ಅಲ್ಲಿಗೆ ಪ್ರಯೋಗ ಮುಗಿಯಿತು. ಹಸಿದರೆ, ತೂಕಡಿಸಿದರೆ, ಮುಖ ತಿರುಗಿಸಿದರೆ ಅದೂ ಬೇಡವೆಂಬ ಉತ್ತರವೇ. ಇಂಥ ಅಧ್ಯಯನಗಳಲ್ಲಿ ಬಂದ ಶಿಶುಗಳ ಪೈಕಿ ಗಣನೀಯ ಭಾಗದ ಫಲಿತಾಂಶಗಳನ್ನು ಕೈಬಿಡಬೇಕಾಗುವುದು ಇದರಿಂದಲೇ, ಅದು ಕೊಡಬೇಕಾದ ಬೆಲೆ. ಮಗು ತಾಯಿಯ ಮಡಿಲಲ್ಲೇ ಇರುತ್ತದೆ; ತಾಯಿಯ ಕಿವಿಗೆ ಮಾತ್ರ ಹೆಡ್‌ಫೋನ್ ಹಾಕಿ ಸಂಗೀತ ಕೇಳಿಸುತ್ತಾರೆ, ಇಲ್ಲವಾದರೆ ಆಕೆಗೇ ತಿಳಿಯದಂತೆ ಮೈಯ ಬಿಗಿತ ಮಗುವಿಗೆ ಸುಳಿವು ಕೊಟ್ಟುಬಿಡುತ್ತದೆ. ಮಿದುಳಿನ ಎಂಆರ್‌ಐ ಚಿತ್ರವನ್ನು ಸಹ ಸಂಶೋಧನೆಗಾಗಿ ತೆಗೆಯುವಾಗ ಮದ್ದು ಕೊಡದೆ, ಹಾಲು ಕುಡಿಸಿ, ಬೆಚ್ಚಗೆ ಸುತ್ತಿ, ತಾನಾಗಿ ನಿದ್ದೆ ಹೋದ ಮೇಲೆ ಕಿವಿಗೆ ರಕ್ಷಣೆ ಕೊಟ್ಟು ತೆಗೆಯುವುದು ರೂಢಿ. ಹುಟ್ಟಿದಾಗ ವಯಸ್ಕರ ಮಿದುಳಿನ ಮೂರರಲ್ಲಿ ಒಂದು ಪಾಲಿನಷ್ಟಿರುವ ಮಿದುಳು ಮೂರೇ ತಿಂಗಳಲ್ಲಿ ಅರ್ಧವನ್ನು ದಾಟುತ್ತದೆ ಎಂದು 2014ರಲ್ಲಿ ತಿಳಿದದ್ದು ಎಂಆರ್‌ಐ ಚಿತ್ರಗಳಿಂದಲೇ.

ಅಧ್ಯಯನ ಮಾಡದೆ ಇರುವುದರಲ್ಲೂ ಅನ್ಯಾಯವಿದೆ ಎಂಬುದನ್ನು ನಾನು ಒತ್ತಿ ಹೇಳಬೇಕು. 1980ರ ದಶಕದವರೆಗೂ ನವಜಾತ ಶಿಶುಗಳಿಗೆ ನೋವು ದೊಡ್ಡವರಂತೆ ತಿಳಿಯದು ಎಂಬ ನಂಬಿಕೆ ವೈದ್ಯರಲ್ಲೇ ಇತ್ತು. ಅರಿವಳಿಕೆಯ ಅಪಾಯಕ್ಕೂ ಹೆದರಿ, ಎಷ್ಟೋ ಶಿಶುಗಳಿಗೆ ಸಾಕಷ್ಟು ಅರಿವಳಿಕೆ ಇಲ್ಲದೆ, ಮೈ ಅಲುಗದಂತೆ ಮಾಡುವ ಮದ್ದು ಕೊಟ್ಟು ಶಸ್ತ್ರಚಿಕಿತ್ಸೆ ಮಾಡಲಾಗುತ್ತಿತ್ತು. ಆಗ ಆಕ್ಸ್‌ಫರ್ಡಿನಲ್ಲಿದ್ದ, ಭಾರತ ಮೂಲದ ವೈದ್ಯ ಕೆ.ಜೆ.ಎಸ್. ಆನಂದ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಅಧ್ಯಯನ, ಸರಿಯಾದ ನೋವು ನಿವಾರಕ ಪಡೆದ ಶಿಶುಗಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ಕಡಿಮೆ ಇದ್ದವು, ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳೂ ಕಡಿಮೆಯಾದವು ಎಂದು ತೋರಿಸಿತು. ಅಲ್ಲಿಂದ ವೈದ್ಯಕೀಯ ಪದ್ಧತಿ ಬದಲಾಗತೊಡಗಿತು. ಅಳುವೊಂದನ್ನು ಬಿಟ್ಟು ಬೇರೆ ಭಾಷೆಯಿಲ್ಲದವರ ಅಳುವನ್ನು ನಾವು ಕೇಳಿಸಿಕೊಳ್ಳದೆ ಇದ್ದೆವು. ಇದನ್ನು ಬರೆಯುವಾಗ ಈಗಲೂ ನನಗೆ ಸಂಕಟವಾಗುತ್ತದೆ.

ಪ್ರಶ್ನೆ: ನನ್ನ ಮಗಳಿಗೆ ಹತ್ತು ದಿನ. ಅವಳ ಬೆಳವಣಿಗೆಯನ್ನು ಬರೆದಿಡಬೇಕೆಂದಿದ್ದೇನೆ. ಇಂಥ ದಿನಚರಿಗೆ ಬೆಲೆಯಿದೆಯೇ? ಹೇಗೆ ಬರೆಯಬೇಕು? (ತಾಯಿ)

ಉತ್ತರ: ಈ ಶಾಸ್ತ್ರ ಹುಟ್ಟಿದ್ದೇ ಇಂಥ ದಿನಚರಿಗಳಿಂದ. ಚಾರ್ಲ್ಸ್ ಡಾರ್ವಿನ್ 1839ರ ಡಿಸೆಂಬರಿನಲ್ಲಿ ಹುಟ್ಟಿದ ತಮ್ಮ ಹಿರಿಯ ಮಗನ ಬಗ್ಗೆ ಬರೆದಿಟ್ಟ ಟಿಪ್ಪಣಿಗಳನ್ನು ಸುಮಾರು 37 ವರ್ಷಗಳ ನಂತರ, 1877ರಲ್ಲಿ ಪ್ರಕಟಿಸಿದರು. ಏಳನೆಯ ದಿನ ಅಂಗಾಲಿಗೆ ಕಾಗದದ ಚೂರು ತಾಗಿಸಿದಾಗ ಮಗು ಕಾಲನ್ನು ಥಟ್ಟನೆ ಎಳೆದುಕೊಂಡು ಬೆರಳುಗಳನ್ನು ಮಡಿಸಿತು, ಒಂಬತ್ತನೆಯ ದಿನ ಮೇಣದಬತ್ತಿಯ ಮೇಲೆ ದೃಷ್ಟಿ ನೆಟ್ಟಿತು, 45ನೆಯ ದಿನದ ಹೊತ್ತಿಗೆ ಹೆಚ್ಚಾಗಿ ತಾಯಿಯನ್ನು ನೋಡುವಾಗ ನಕ್ಕಿತು ಎಂದು ಅಲ್ಲಿದೆ. ನಂತರ ಜರ್ಮನಿಯ ವಿಲ್ಹೆಲ್ಮ್ ಪ್ರಯರ್ ತಮ್ಮ ಮಗನನ್ನು ಮೂರು ವರ್ಷಗಳ ಕಾಲ ನಿತ್ಯವೂ ಗಮನಿಸಿ ಬರೆದರು. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜಾನ್ ಪಿಯಾಜೆ ತಮ್ಮ ಮೂವರು ಮಕ್ಕಳನ್ನು ನೋಡುತ್ತಲೇ ಮಕ್ಕಳ ಬುದ್ಧಿ ಬೆಳೆಯುವ ಬಗೆಯ ತಮ್ಮ ಸಿದ್ಧಾಂತ ಕಟ್ಟಿದರು.

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಇಲ್ಲಿಯ ದೊಡ್ಡ ತೊಡಕನ್ನೇ ಹೇಳುತ್ತದೆ. ಆದ್ದರಿಂದ ಡಾರ್ವಿನ್ ಅವರ ಅಂಗಾಲು ಮತ್ತು ಕಾಗದದ ಚೂರನ್ನು ಮಾದರಿಯಾಗಿ ಇಟ್ಟುಕೊಳ್ಳಿ: ಏನು ಮಾಡಿದೆ, ಮಗು ಏನು ಮಾಡಿತು. ‘ಇಂದು ನನ್ನನ್ನು ಗುರುತಿಸಿದಳು’ ಎಂದು ಬರೆಯುವ ಬದಲು, ‘ಬಲಗಡೆಯಿಂದ ಮಾತನಾಡಿಸಿದೆ, ಹಾಲು ಚೀಪುವುದನ್ನು ನಿಲ್ಲಿಸಿ ಕಣ್ಣು ಆ ಕಡೆ ಹೊರಳಿಸಿದಳು, ಮೂರು ಸಲ ಯತ್ನಿಸಿದಾಗ ಎರಡು ಸಲ ಹೀಗಾಯಿತು’ ಎಂದು ಬರೆಯಿರಿ. ಆಗದೆ ಹೋದ ಸಲವನ್ನು ಬಿಡಬೇಡಿ. ಆಗ ಅವಳು ಪೂರ್ಣ ಎಚ್ಚರವಿದ್ದಳೋ, ತೂಕಡಿಸುತ್ತಿದ್ದಳೋ, ಹಸಿದಿದ್ದಳೋ ಎಂಬುದನ್ನು ಪ್ರತಿ ಬಾರಿಯೂ ಗುರುತು ಹಾಕಿ, ಏಕೆಂದರೆ ಒಂದೇ ಕೂಸು ಈ ಮೂರು ಸ್ಥಿತಿಗಳಲ್ಲಿ ಮೂರು ಬೇರೆ ಬೇರೆ ಕೂಸುಗಳಂತೆ ನಡೆದುಕೊಳ್ಳುತ್ತದೆ.

ಮುಂದಿನ ಕೆಲವು ವಾರಗಳಲ್ಲಿ ಗಮನಿಸಲು ಒಂದು ಸಂಗತಿಯನ್ನು ಹೇಳಿಬಿಡುತ್ತೇನೆ. ಆಡ್ರಿ ವಾನ್ ಡೆರ್ ಮೇರ್ ಮತ್ತು ಸಂಗಡಿಗರು 1995ರಲ್ಲಿ ನವಜಾತ ಶಿಶುಗಳ ಮಣಿಕಟ್ಟಿಗೆ ಸಣ್ಣ ತೂಕ ಕಟ್ಟಿ, ಕೈಯನ್ನು ಕಾಲಿನ ದಿಕ್ಕಿಗೆ ಮೆಲ್ಲನೆ ಎಳೆಯುವಂತೆ ಮಾಡಿ ನೋಡಿದರು. ತಮಗೆ ಕಾಣುತ್ತಿದ್ದ ಕೈಯನ್ನು ಮಾತ್ರ ಶಿಶುಗಳು ಆ ಎಳೆತಕ್ಕೆ ಎದುರಾಗಿ ಎತ್ತಿ ಹಿಡಿದವು. ಕಾಣದ ಕೈಯನ್ನು ಕೆಳಗೆ ಹೋಗಲು ಬಿಟ್ಟವು. ನಿಮಗೆ ತೂಕವೂ ಬೇಡ, ಯಾವ ಸಾಧನವೂ ಬೇಡ. ಹಾಲು ಕುಡಿದು ಎಚ್ಚರವಾಗಿ ಅಂಗಾತ ಮಲಗಿದ್ದಾಗ ಅವಳ ತಲೆ ಯಾವ ಕಡೆಗೆ ಹೊರಳಿದೆ, ಆ ಕಡೆಯ ಕೈ ಹೇಗೆ ಆಡುತ್ತಿದೆ, ಇನ್ನೊಂದು ಕೈ ಏನು ಮಾಡುತ್ತಿದೆ ಎಂದು ಐದು ನಿಮಿಷ ಸುಮ್ಮನೆ ನೋಡಿ. ಪುಟದ ಮೊದಲ ಸಾಲಿನಲ್ಲಿ ತಾರೀಖು, ಹೊತ್ತು ಮತ್ತು ದಿನಗಳ ಲೆಕ್ಕದಲ್ಲಿ ಅವಳ ವಯಸ್ಸನ್ನು ಬರೆದುಕೊಳ್ಳಿ. ಎರಡನೆಯ ಸಾಲಿನಿಂದ ಕಂಡದ್ದನ್ನು ಬರೆಯುತ್ತ ಹೋಗಿ.